ತಲೆಯೊಳಗಿನ ಬಾನುಲಿ

ಸಂತೆಯಲ್ಲಿ ಗಡಿಗೆ ಕೊಳ್ಳುವವರನ್ನು ನೀವು ನೋಡಿರುತ್ತೀರಿ. ಗಡಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿಯುತ್ತಾರೆ. ಬಲಗೈಯ ಬೆರಳು ಮಡಿಚಿ ಮೆಲ್ಲಗೆ ಬಾರಿಸುತ್ತಾರೆ. ಠಣ್ ಎಂದರೆ ಗಡಿಗೆ ಗಟ್ಟಿ. ಬದ್ ಎಂದರೆ ಎಲ್ಲೋ ಬಿರುಕಿದೆ. ಆ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಸಿಗುತ್ತದೆ. ನಮ್ಮ ಅವ್ವ ಇಂಡಿ ಪಟ್ಟಣದ ಸಂತೆಯಲ್ಲಿ ಹತ್ತು ಗಡಿಗೆ ಬಾರಿಸಿ ಒಂದನ್ನು ಆರಿಸುತ್ತಿದ್ದಳು.

ಎರಡು ವರ್ಷದ ಕೆಳಗೆ, ಅದೇ ಅವ್ವನ ತಲೆಯನ್ನು ಪುಣೆಯ ಒಂದು ಆಸ್ಪತ್ರೆಯಲ್ಲಿ ಹೀಗೆಯೇ ಬಾರಿಸಿ ಕೇಳಿದರು. ಬಾರಿಸಿದ್ದು ಬೆರಳಿನಿಂದಲ್ಲ, ರೇಡಿಯೋ ಅಲೆಯಿಂದ. ಆ ಪರೀಕ್ಷೆಯ ಹೆಸರು ಎಂ.ಆರ್.ಐ. ಈ ಮೂರಕ್ಷರ ಈಗ ಹಳ್ಳಿಹಳ್ಳಿಗೂ ಗೊತ್ತು. ತಲೆಯ ಫೋಟೋ ತೆಗೆಯುತ್ತಾರೆ ಎಂದೇ ಎಲ್ಲರೂ ಹೇಳುತ್ತಾರೆ. ನಾನು ಮೂವತ್ತು ವರ್ಷ ಪುಣೆಯಲ್ಲಿ ಭೌತಶಾಸ್ತ್ರ ಕಲಿಸಿದವನು. ಆ ಮಾತು ಕೇಳಿದಾಗಲೆಲ್ಲ ತಿದ್ದಬೇಕು ಅನ್ನಿಸುತ್ತದೆ. ಅದು ಫೋಟೋ ಅಲ್ಲ. ಅಲ್ಲಿ ಬೆಳಕಿನ ಕೆಲಸವಿಲ್ಲ, ಎಕ್ಸ್‌ರೇ ಕೂಡ ಇಲ್ಲ. ನಮ್ಮ ತಲೆಯೊಳಗಿನ ನೀರು ರೇಡಿಯೋ ಅಲೆಯಲ್ಲಿ ಮಾತಾಡುತ್ತದೆ. ಯಂತ್ರ ಅದನ್ನು ಆಲಿಸುತ್ತದೆ. ರೇಡಿಯೋಗೆ ಕಿವಿಗೊಟ್ಟು ಕೂತ ನಿಮಗೆ ಇದನ್ನು ಹೇಳಬೇಕೆಂದು ಬಹಳ ದಿನದಿಂದ ಆಸೆಯಿತ್ತು.

ಅವ್ವನಿಗೆ ಆಗ ಎಪ್ಪತ್ತಾರು. ಮರೆವು ಶುರುವಾಗಿತ್ತು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು ಎಲ್ಲರಿಗೂ ಇದ್ದದ್ದೇ. ಅವಳು ಹಾಲಿನವನಿಗೆ ಒಂದೇ ದಿನ ಮೂರು ಸಲ ದುಡ್ಡು ಕೊಟ್ಟಳು. ಒಮ್ಮೆ ರೊಟ್ಟಿ ತಟ್ಟುತ್ತಿದ್ದವಳು ನಡುವೆ ಕೈ ನಿಲ್ಲಿಸಿ, ಮುಂದೇನು ಅನ್ನುವಂತೆ ನನ್ನ ಹೆಂಡತಿಯ ಮುಖ ನೋಡಿದಳು. ಅರವತ್ತು ವರ್ಷ ರೊಟ್ಟಿ ತಟ್ಟಿದ ಕೈ ಅದು. ಮರುದಿನವೇ ಡಾಕ್ಟರ ಬಳಿ ಹೋದೆವು. ಅವರು ಎಂ.ಆರ್.ಐ. ಬರೆದುಕೊಟ್ಟರು.

ಸ್ಕ್ಯಾನ್ ಕೋಣೆಯ ಹೊರಗೆ ಒಬ್ಬ ಹುಡುಗಿ ಪ್ಲಾಸ್ಟಿಕ್ ತಟ್ಟೆ ಹಿಡಿದು ನಿಂತಿದ್ದಳು. ಮೈಮೇಲಿನ ಲೋಹವೆಲ್ಲ ಅದರಲ್ಲಿ ಹಾಕಬೇಕು. ಬೆಂಡೋಲೆ ಬಂತು. ಮೂಗುತಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿರುಗಿಸಿ ತೆಗೆದೆವು. ಆಯಿತು ಅಂದುಕೊಂಡೆ. ಹುಡುಗಿ ಅವ್ವನ ಕೈ ಹಿಡಿದು ಸೀರೆಯ ಸೆರಗು ಸರಿಸಿದಳು. ಹಸಿರು ಗಾಜಿನ ಬಳೆಗಳಿಗೆ ಐದು ಸೇಫ್ಟಿ ಪಿನ್ನು ತೂಗುಬಿದ್ದಿದ್ದವು. ನಮ್ಮ ಕಡೆಯ ಹೆಣ್ಣುಮಕ್ಕಳ ಬಳೆಗೆ ಪಿನ್ನು ಯಾವಾಗಲೂ ಇರುತ್ತದೆ. ಸೆರಗಿಗೆ ಬೇಕು, ಕಾಲಿಗೆ ಮುಳ್ಳು ಚುಚ್ಚಿದರೆ ಬೇಕು. ಒಂದೊಂದಾಗಿ ಐದೂ ತಟ್ಟೆಗೆ ಬಿದ್ದವು. ಆ ಕೋಣೆಯ ಅಯಸ್ಕಾಂತದ ಮುಂದೆ ಉಕ್ಕಿನ ಪಿನ್ನು ಬಾಣದಂತೆ ಹಾರುತ್ತದೆ. ಯಂತ್ರ ಕೆಲಸ ಮಾಡದೆ ಸುಮ್ಮನಿದ್ದಾಗಲೂ ಅಯಸ್ಕಾಂತ ಸುಮ್ಮನಿರುವುದಿಲ್ಲ. ಅದು ಹಗಲೂ ರಾತ್ರಿ ಎಚ್ಚರ. ಹಾಗಾಗಿ ನಿಮ್ಮಲ್ಲಿ ಯಾರಿಗಾದರೂ ಎದೆಯಲ್ಲಿ ಪೇಸ್‌ಮೇಕರ್, ತಲೆಯಲ್ಲಿ ಹಳೆಯ ಆಪರೇಶನ್ನಿನ ಕ್ಲಿಪ್ ಇದ್ದರೆ, ಮೊದಲೇ ಹೇಳಿ. ಕೇಳಲಿ ಬಿಡಲಿ, ನೀವೇ ಹೇಳಿ.

ಅವ್ವ ಒಳಗೆ ಮಲಗಿದಳು. "ಆಜೀ, ಹಲೂ ನಕಾ" ಎಂದು ಟೆಕ್ನೀಶಿಯನ್ ಮರಾಠಿಯಲ್ಲಿ ಹೇಳಿದ. ನಾನು ಬಗ್ಗಿ, "ಅವ್ವಾ, ಅಲಗ್ಯಾಡಬ್ಯಾಡ" ಎಂದೆ. ಕಿವಿಗೆ ಹತ್ತಿ ಇಟ್ಟರು. ಇಪ್ಪತ್ತೈದು ನಿಮಿಷ ಆ ಕೋಣೆಯಿಂದ ಒಂದೇ ಸಮನೆ ಬಡಿತ. ಹೊರಗೆ ಬಂದವಳು ಮೊದಲು ಹೇಳಿದ್ದು ಇಷ್ಟು: "ಯಪ್ಪಾ, ಒಳಗ ಯಾರೋ ಬಾಗಲಾ ಬಡದಂಗಾತು."

ಆ ಬಡಿತ ಯಾವುದು? ಅದನ್ನು ಹೇಳಬೇಕಾದರೆ ಮೊದಲು ನೀರಿನ ಮಾತು ಹೇಳಬೇಕು.

ನಮ್ಮ ಮಿದುಳಿನಲ್ಲಿ ಮುಕ್ಕಾಲು ಪಾಲು ನೀರು. ನೀರಿನ ಪ್ರತಿಯೊಂದು ಕಣದಲ್ಲೂ ಎರಡು ಜಲಜನಕದ ಪರಮಾಣು. ಆ ಜಲಜನಕದ ನಡುವೆ ಪ್ರೋಟಾನ್ ಎಂಬ ಬೀಜ. ಅದು ಒಂದು ಪುಟ್ಟ ಬುಗುರಿ. ತಿರುಗುವ ಪುಟ್ಟ ಅಯಸ್ಕಾಂತವೂ ಹೌದು. ಬೇರೆ ಹೊತ್ತಿನಲ್ಲಿ ಈ ಬುಗುರಿಗಳು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತವೆ. ದೊಡ್ಡ ಅಯಸ್ಕಾಂತದೊಳಗೆ ಹೋದಾಗ ಅವುಗಳಲ್ಲಿ ಕೆಲವು ಒಂದೇ ಕಡೆಗೆ ವಾಲುತ್ತವೆ. ಆಸ್ಪತ್ರೆಯ ಅಯಸ್ಕಾಂತ ಭೂಮಿಯ ಕಾಂತಶಕ್ತಿಗಿಂತ ಸುಮಾರು 30,000 ಪಟ್ಟು ಬಲವಾದದ್ದು. ಆಗ ಒಂದು ರೇಡಿಯೋ ಅಲೆಯನ್ನು ಒಳಗೆ ಬಿಡುತ್ತಾರೆ. ಬುಗುರಿಗಳು ಆ ಪೆಟ್ಟಿನಿಂದ ಓರೆಯಾಗುತ್ತವೆ. ಅಲೆ ನಿಂತ ಮೇಲೆ ಮತ್ತೆ ನೆಟ್ಟಗಾಗುತ್ತ ಬರುತ್ತವೆ. ನೆಟ್ಟಗಾಗುವಾಗ ತಾವೂ ರೇಡಿಯೋ ಅಲೆ ಹೊರಡಿಸುತ್ತವೆ. ಬಾರಿಸಿದ ಗಡಿಗೆ ಮರುದನಿ ಕೊಟ್ಟ ಹಾಗೆ.

ಆ ಮರುದನಿ ಎಷ್ಟು ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ ಗೊತ್ತೇ? ಸಾಮಾನ್ಯ ಯಂತ್ರದಲ್ಲಿ ಸುಮಾರು 64. ಇನ್ನೂ ಬಲವಾದ ಯಂತ್ರದಲ್ಲಿ ಸುಮಾರು 128. ನಿಮ್ಮ ಎಫ್.ಎಂ. ರೇಡಿಯೋದ ಮುಳ್ಳು 88ರಿಂದ 108ರವರೆಗೆ ಓಡಾಡುತ್ತದೆ. ಅಂದರೆ ಒಂದು ಯಂತ್ರ ನಿಮ್ಮ ಮುಳ್ಳಿನ ಕೆಳಗಿನ ಮನೆಯಲ್ಲಿದೆ, ಇನ್ನೊಂದು ಮೇಲಿನ ಮನೆಯಲ್ಲಿದೆ. ಮಿದುಳು ಹಾಡುವ ಸ್ಟೇಶನ್ ನಮ್ಮ ಬಾನುಲಿಯ ನೆರೆಮನೆಯಲ್ಲೇ ಇದೆ. ಅದಕ್ಕೇ ಸ್ಕ್ಯಾನ್ ಕೋಣೆಯ ಗೋಡೆ, ಸೂರು, ಬಾಗಿಲು ಎಲ್ಲದಕ್ಕೂ ತಾಮ್ರದಂಥ ಲೋಹದ ಹೊದಿಕೆ ಹಾಕಿರುತ್ತಾರೆ. ಹೊರಗಿನ ರೇಡಿಯೋ ಒಳಗೆ ಬರಬಾರದು. ನಾನು ಈಗ ಆಡುತ್ತಿರುವ ಮಾತು ಕೂಡ ಆ ಬಾಗಿಲ ಹೊರಗೇ ನಿಲ್ಲಬೇಕು. ತಲೆಯೊಳಗಿನ ದನಿ ಅಷ್ಟು ಮೆಲ್ಲಗಿದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಅಯಸ್ಕಾಂತ ಬುಗುರಿಗಳನ್ನು ಸಾಲಿಗೆ ನಿಲ್ಲಿಸುತ್ತದೆ. ರೇಡಿಯೋ ಅಲೆ ಅವನ್ನು ಬಾರಿಸುತ್ತದೆ. ಅವು ಮರುದನಿ ಕೊಡುತ್ತವೆ. ಆದರೆ ತಲೆಯ ತುಂಬ ನೀರು. ಯಾವ ದನಿ ಹಣೆಯ ಹಿಂದಿನಿಂದ ಬಂತು, ಯಾವುದು ಹಿಂದಲೆಯಿಂದ ಬಂತು ಎಂದು ತಿಳಿಯುವುದು ಹೇಗೆ?

ಹಾರ್ಮೋನಿಯಂ ನೆನೆಯಿರಿ. ಒಂದೊಂದು ಮನೆಗೆ ಒಂದೊಂದು ಸ್ವರ. ಸ್ವರ ಕೇಳಿದರೆ ಯಾವ ಮನೆ ಒತ್ತಿದರು ಎಂದು ಹೇಳಬಹುದು. ಎಂ.ಆರ್.ಐ. ಯಂತ್ರ ತಲೆಯನ್ನೇ ಹಾರ್ಮೋನಿಯಂ ಮಾಡುತ್ತದೆ. ಅಯಸ್ಕಾಂತದ ಬಲವನ್ನು ತಲೆಯ ಒಂದು ಬದಿಗೆ ಒಂದಿಷ್ಟು ಹೆಚ್ಚಿಸಿ, ಇನ್ನೊಂದು ಬದಿಗೆ ಒಂದಿಷ್ಟು ತಗ್ಗಿಸುತ್ತದೆ. ಆಗ ಹಣೆಯ ಹತ್ತಿರದ ನೀರಿನದು ಒಂದು ಶ್ರುತಿ, ಹಿಂದಲೆಯ ನೀರಿನದು ಇನ್ನೊಂದು. ಶ್ರುತಿ ಹೇಳುತ್ತದೆ ಜಾಗವನ್ನು. ಹೀಗೆ ಹೆಚ್ಚುಕಡಿಮೆ ಮಾಡಲು ತಂತಿಸುರುಳಿಗಳಲ್ಲಿ ವಿದ್ಯುತ್ತನ್ನು ಸರಕ್ಕನೆ ಹಾಯಿಸಿ ನಿಲ್ಲಿಸುತ್ತಾರೆ. ಸುರುಳಿಗಳು ಪ್ರತಿ ಸಲವೂ ಅದುರುತ್ತವೆ. ನಿಮ್ಮ ರೇಡಿಯೋದ ಸ್ಪೀಕರ್ ದನಿ ಮಾಡುವುದೂ ಇದೇ ತತ್ತ್ವದಿಂದ. ಅವ್ವ ಕೇಳಿದ ಬಾಗಿಲ ಬಡಿತ ಅದು.

ಈ ಶ್ರುತಿಯ ಉಪಾಯವನ್ನು 1973ರಲ್ಲಿ ಪ್ರಕಟಿಸಿದವರು ಅಮೆರಿಕದ ಪಾಲ್ ಲಾಟರ್‌ಬರ್. ಅವರ ಮೊದಲ ಚಿತ್ರ ಯಾರ ತಲೆಯದೂ ಅಲ್ಲ. ನೀರು ತುಂಬಿದ ಎರಡು ಸಣ್ಣ ಗಾಜಿನ ನಳಿಗೆಗಳದ್ದು. ಎರಡು ಮಸುಕು ಚುಕ್ಕೆ, ಅಷ್ಟೇ. ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ಬೆಳೆಸಿದರು. 2003ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇದಕ್ಕಿಂತ ಹಿಂದೆ ನಡೆದ ಒಂದು ಕೆಲಸ ನಮ್ಮ ಬೆಂಗಳೂರಿನದು. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಪರಮಾಣು ಬೀಜದ ಈ ಮರುದನಿಯನ್ನು ದ್ರವದಲ್ಲಿ, ಘನದಲ್ಲಿ ಮೊದಲು ಹಿಡಿದದ್ದು 1946ರ ಸುಮಾರಿಗೆ, ಅಮೆರಿಕದಲ್ಲಿ. ಅದಾಗಿ ಐದೇ ವರ್ಷಕ್ಕೆ, 1951ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ನಿಂತ ನೀರಿನ ಬದಲು, ಕೊಳವೆಯಲ್ಲಿ ಹರಿಯುವ ನೀರಿನ ದನಿ ಕೇಳಿದರು. ಹರಿಯುವ ನೀರಿನ ದನಿ ಜೋರಾಗಿತ್ತು. ಕಾರಣ ಸರಳ. ನಿಂತ ನೀರಿನ ಬುಗುರಿಗಳು ಪೆಟ್ಟು ತಿಂದು ತಿಂದು ದಣಿಯುತ್ತವೆ. ಹರಿಯುವ ನೀರಿನಲ್ಲಿ ಪ್ರತಿ ಗಳಿಗೆಯೂ ಹೊಸ ಬುಗುರಿಗಳು ಬರುತ್ತವೆ. ಇಂದು ಮಿದುಳಿನ ರಕ್ತನಾಳಗಳನ್ನು ಸೂಜಿ ಚುಚ್ಚದೆ, ಔಷಧ ಬಿಡದೆ ನೋಡುವ ಒಂದು ವಿಧಾನವಿದೆ. ಅದು ನಿಂತಿರುವುದು ಇದೇ ಗುಣದ ಮೇಲೆ. ಹೊಸದಾಗಿ ಹರಿದು ಬಂದ ರಕ್ತ ಜೋರಾಗಿ ದನಿ ಕೊಡುತ್ತದೆ. ಎಲ್ಲಿ ದನಿ ತುಂಡಾಯಿತೋ ಅಲ್ಲಿ ನಾಳ ಕಟ್ಟಿರಬಹುದು. ಪಾರ್ಶ್ವವಾಯು ಹೊಡೆದವರ ಪಾಲಿಗೆ ಇದು ಎಷ್ಟು ದೊಡ್ಡ ಸುದ್ದಿ! ಸೂರ್ಯನ್ ಹೆಸರು ನಮ್ಮ ಶಾಲೆಯ ಪುಸ್ತಕದಲ್ಲಿ ಇರಬೇಕಿತ್ತು.

ಪುಣೆಯಲ್ಲಿ ಕೂತು ರೇಡಿಯೋ, ಜಲಜನಕ ಎಂದು ಮಾತಾಡುವಾಗ ಇನ್ನೊಂದು ಜಾಗ ನೆನಪಾಗದೆ ಇರದು. ಪುಣೆಯಿಂದ ನಾಶಿಕ್ ದಾರಿಯಲ್ಲಿ ಸುಮಾರು 80 ಕಿಲೋಮೀಟರ್ ಹೋದರೆ ನಾರಾಯಣಗಾಂವ್. ಅದರ ಹತ್ತಿರ ಖೋಡದ್ ಎಂಬ ಹಳ್ಳಿ. ಅಲ್ಲಿ ಗೋವಿಂದ ಸ್ವರೂಪ್ ಅವರ ಮುಂದಾಳುತನದಲ್ಲಿ ಕಟ್ಟಿದ ರೇಡಿಯೋ ದೂರದರ್ಶಕವಿದೆ. ತಂತಿಯ ಜಾಲರಿಯಿಂದ ಹೆಣೆದ ಮೂವತ್ತು ಬೋಗುಣಿಗಳು. ಒಂದೊಂದೂ 45 ಮೀಟರ್ ಅಗಲ. ಅವು ಹೊಲಗಳ ನಡುವೆ ಸುಮಾರು 25 ಕಿಲೋಮೀಟರ್ ಹರಡಿವೆ. ಅವು ಕೇಳುವ ದನಿಗಳಲ್ಲಿ ಆಕಾಶದ ಜಲಜನಕದ್ದೂ ಒಂದು. 2023ರಲ್ಲಿ ಒಂದು ಸುದ್ದಿ ಬಂತು. ಸುಮಾರು 880 ಕೋಟಿ ವರ್ಷದ ಹಿಂದೆ ಒಂದು ನಕ್ಷತ್ರಲೋಕದಿಂದ ಹೊರಟ ಜಲಜನಕದ ರೇಡಿಯೋ ಅಲೆಯನ್ನು ಇಲ್ಲಿ ಹಿಡಿದಿದ್ದರು. ಅದನ್ನು ಬಿಡಿಸಿದವರಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರೂ ಇದ್ದರು. ಈ ದೂರದರ್ಶಕ, ಎಂ.ಆರ್.ಐ. ಎರಡರ ತತ್ತ್ವ ಪೂರ್ತಿ ಒಂದೇ ಅಲ್ಲ. ಆದರೆ ಮಾತಾಡುವುದು ಅದೇ ಜಲಜನಕ. ಚೂರುಚೂರಾಗಿ ಕೇಳಿದ್ದನ್ನು ಕೂಡಿಸಿ ಚಿತ್ರ ಮಾಡುವ ಗಣಿತವೂ ಒಂದೇ ಮನೆತನದ್ದು. ಸ್ವರೂಪ್ ಅವರ ಗುರು ರೊನಾಲ್ಡ್ ಬ್ರೇಸ್‌ವೆಲ್ 1956ರಲ್ಲೇ ಆ ಗಣಿತವನ್ನು ಆಕಾಶಕ್ಕಾಗಿ ಬರೆದಿದ್ದರು. ಅದೇ ಬಗೆಯ ಲೆಕ್ಕ ಆಮೇಲೆ ತಲೆಯ ಸ್ಕ್ಯಾನಿಗೂ ಬಂತು.

ತಲೆಯ ಸ್ಕ್ಯಾನಿಗೆ ಮರಳೋಣ. ಎಂ.ಆರ್.ಐ. ಯಂತ್ರಕ್ಕೆ ಎರಡು ವಿಷಯ ಗೊತ್ತಾದವು. ದನಿ ಇದೆ. ದನಿ ಬಂದ ಜಾಗ ಇಂಥದು. ಈಗ ಮುಖ್ಯ ಪ್ರಶ್ನೆ. ಆ ದನಿಯಲ್ಲಿ ರೋಗ ಹೇಗೆ ಕೇಳಿಸುತ್ತದೆ?

ಮತ್ತೆ ಗಡಿಗೆಗೆ ಬನ್ನಿ. ಕಂಚಿನ ಬಟ್ಟಲು ಬಾರಿಸಿದರೆ ದನಿ ಬಹಳ ಹೊತ್ತು ನಿಲ್ಲುತ್ತದೆ. ಮಣ್ಣಿನ ಗಡಿಗೆಯದು ಬೇಗ ಅಡಗುತ್ತದೆ. ಮಿದುಳಿನಲ್ಲೂ ಹಾಗೆಯೇ. ಅಡೆತಡೆಯಿಲ್ಲದೆ ನಿಂತ ನೀರಿನ ದನಿ ನಿಧಾನವಾಗಿ ಆರುತ್ತದೆ. ಕೊಬ್ಬಿನ ನಡುವೆ ಸಿಕ್ಕಿಕೊಂಡ ನೀರಿನದು ಬೇಗ ಆರುತ್ತದೆ. ಎಲ್ಲಿ ಬಾವು ಬಂದಿದೆಯೋ ಅಲ್ಲಿ ನೀರು ಹೆಚ್ಚು, ದನಿಯೂ ಹೆಚ್ಚು ಹೊತ್ತು ನಿಲ್ಲುತ್ತದೆ. ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಕಾಣುತ್ತದೆ. ಪಾರ್ಶ್ವವಾಯುವಿನಲ್ಲಿ ಇನ್ನೊಂದು ಬಗೆ. ರಕ್ತ ನಿಂತ ಜಾಗದಲ್ಲಿ ಜೀವಕೋಶಗಳು ಊದಿಕೊಳ್ಳುತ್ತವೆ, ನೀರಿಗೆ ಓಡಾಡಲು ಎಡೆ ಸಾಲದು. ಆ ಓಡಾಟ ನಿಂತದ್ದನ್ನೇ ಯಂತ್ರ ಗುರುತಿಸುತ್ತದೆ, ಅದೂ ಕೆಲವೇ ನಿಮಿಷ, ಕೆಲವೇ ಗಂಟೆಗಳೊಳಗೆ. ಹಂದಿಯ ಲಾಡಿಹುಳುವಿನ ಮರಿ ಮಿದುಳಿಗೆ ಸೇರಿ ಫಿಟ್ಸ್ ತರುವ ರೋಗ ನಮ್ಮ ದೇಶದಲ್ಲಿ ಬಹಳ. ಅದು ಒಂದು ಪುಟ್ಟ ನೀರ್ಗುಳ್ಳೆ. ಎಷ್ಟೋ ಸಲ ಗುಳ್ಳೆಯೊಳಗೆ ಹುಳುವಿನ ತಲೆಯೇ ಒಂದು ಚುಕ್ಕೆಯಾಗಿ ಕಾಣುತ್ತದೆ. ಕಾರಣ ಸಿಕ್ಕರೆ ಔಷಧದ ದಾರಿಯೂ ಸಿಗುತ್ತದೆ.

ಒಂದು ರೋಗದ ಕಥೆಯನ್ನು ಬಿಡಿಸಿ ಹೇಳುತ್ತೇನೆ. ಅದು ಪುಣೆಗೂ ಕೋಲಾರಕ್ಕೂ ಸೇರಿದ ಕಥೆ.

1970ರ ದಶಕದ ಕೊನೆಯಲ್ಲಿ ಕೋಲಾರ ಜಿಲ್ಲೆಯಲ್ಲಿ ಮಕ್ಕಳಿಗೆ ಮಿದುಳುಜ್ವರ ಹರಡಿತು. ಜಪಾನೀಸ್ ಎನ್‌ಸೆಫಲೈಟಿಸ್. ಗದ್ದೆಯ ನೀರಿನ ಸೊಳ್ಳೆಯಿಂದ ಬರುವ ವೈರಸ್. ಹಂದಿ, ಬೆಳ್ಳಕ್ಕಿಯಂಥ ನೀರುಹಕ್ಕಿಗಳು ಅದರ ಮನೆ. ಜ್ವರ, ಫಿಟ್ಸ್, ಎಚ್ಚರ ತಪ್ಪುವುದು. ಉಳಿದುಕೊಂಡ ಮಕ್ಕಳಲ್ಲಿ ಕೆಲವರಿಗೆ ಕೈಕಾಲು ಸೆಟೆದು, ಮುಖದ ಭಾವವೇ ಮಾಯ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಆ ರೋಗದ ಬೆನ್ನು ಹತ್ತಿದರು. 1952ರಲ್ಲಿ ಶುರುವಾದ ಸಂಸ್ಥೆ ಅದು. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಪತ್ತೆ ಹಚ್ಚಿದ್ದೂ ಅವರೇ. 1980ರ ದಶಕದ ಆರಂಭದಲ್ಲಿ ಕೋಲಾರದ ರೋಗಿಯಿಂದ ವೈರಸ್ ಬೇರ್ಪಡಿಸಿ ಪುಣೆಯಲ್ಲಿ ಕಾಪಾಡಿಟ್ಟರು. ಸುಮಾರು ಮೂವತ್ತು ವರ್ಷದ ಮೇಲೆ, 2013ರಲ್ಲಿ, ಅದೇ ಕೋಲಾರದ ತಳಿಯಿಂದ ಮಾಡಿದ ಜೆನ್‌ವ್ಯಾಕ್ ಎಂಬ ಲಸಿಕೆ ಬಂತು. ಕೋಲಾರದ ಒಂದು ಮನೆಯ ನೋವಿನಿಂದ ದೇಶದ ಮಕ್ಕಳಿಗೆ ರಕ್ಷೆ.

ಆ ಮಕ್ಕಳ ತಲೆಯೊಳಗೆ ಏನಾಗಿತ್ತು ಎಂದು ನೋಡಲು ಆಗ ಎಂ.ಆರ್.ಐ. ಇರಲಿಲ್ಲ. ಬದುಕಿರುವವರ ಮಿದುಳು ಮುಚ್ಚಿದ ಪೆಟ್ಟಿಗೆ. ಯಂತ್ರಗಳು ಬಂದ ಮೇಲೆ, 1990ರ ದಶಕದಲ್ಲಿ, ನಮ್ಮ ದೇಶದ ವೈದ್ಯರೇ ಈ ರೋಗಿಗಳ ಮಿದುಳನ್ನು ಆಲಿಸಿದರು. ಮಿದುಳಿನ ನಡುಮನೆಯಲ್ಲಿ ಥಲಾಮಸ್ ಎಂಬ ಎರಡು ಮೊಟ್ಟೆಯಾಕಾರದ ಭಾಗಗಳಿವೆ. ಎಡಕ್ಕೊಂದು, ಬಲಕ್ಕೊಂದು. ಈ ಜ್ವರ ಬಂದವರಲ್ಲಿ ಸಾಮಾನ್ಯವಾಗಿ ಎರಡೂ ಮೊಟ್ಟೆಗಳು ಬೆಳ್ಳಗಾಗುತ್ತವೆ. ಮುಖದ ಭಾವ ಯಾಕೆ ಮಾಯವಾಯಿತು, ಕೈಕಾಲು ಯಾಕೆ ಸೆಟೆಯಿತು ಎಂಬುದಕ್ಕೆ ಆಗ ಸುಳಿವು ಸಿಕ್ಕಿತು. ಅಲ್ಲೇ ಸುತ್ತಮುತ್ತ ಇವೆ ಚಲನೆಯ ಕೇಂದ್ರಗಳು. ಇನ್ನೊಂದು ಉಪಕಾರವೂ ಆಯಿತು. ಹರ್ಪಿಸ್ ಎಂಬ ಬೇರೊಂದು ವೈರಸ್ಸಿನ ಮಿದುಳುಜ್ವರ ಹೊರನೋಟಕ್ಕೆ ಹೀಗೆಯೇ ಕಾಣಬಹುದು. ಅದು ಬಹುಮಟ್ಟಿಗೆ ಹಿಡಿಯುವುದು ಕಿವಿಯ ಪಕ್ಕದ ಭಾಗವನ್ನು. ಅದಕ್ಕೆ ಔಷಧವಿದೆ, ಬೇಗ ಕೊಟ್ಟರೆ ಜೀವ ಉಳಿಯುತ್ತದೆ. ಜಪಾನೀಸ್ ಜ್ವರಕ್ಕೆ ಅಂಥ ಔಷಧ ಇಲ್ಲ, ಲಸಿಕೆಯೇ ಗತಿ. ದನಿ ನಡುಮನೆಯಿಂದ ಬಂತೋ ಪಕ್ಕದ ಕೋಣೆಯಿಂದ ಬಂತೋ ಎಂದು ತಿಳಿಯುವುದರ ಮೇಲೆ ಒಂದು ಮಗುವಿನ ಬದುಕು ನಿಲ್ಲಬಹುದು.

ಇಷ್ಟು ಕೇಳಿದಿರಿ. ನೀರಿನ ದನಿ, ದನಿಯ ಜಾಗ, ದನಿಯಲ್ಲಿ ರೋಗ. ಇನ್ನು ಉಳಿದದ್ದು ನಮ್ಮ ಅವ್ವನ ಸಂಗತಿ.

ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮರೆವಿಗೆ ಮೊದಲು ಹುಡುಕುವುದು ಸರಿಪಡಿಸಬಹುದಾದ ಕಾರಣಗಳನ್ನು. ಎಂದೋ ಬಿದ್ದು, ತಲೆಬುರುಡೆಯ ಕೆಳಗೆ ರಕ್ತ ಮೆಲ್ಲಗೆ ಸೇರಿಕೊಂಡಿರಬಹುದು. ಗಡ್ಡೆ ಇರಬಹುದು. ನೀರು ತುಂಬಿರಬಹುದು. ಇವು ಯಾವುವೂ ಇರಲಿಲ್ಲ. ಬಿಳಿ ಚುಕ್ಕೆಗಳು ಮಾತ್ರ ಬಹಳ ಇದ್ದವು. ರೊಟ್ಟಿ ತಟ್ಟುವ ಕೊಣಮಿಗೆಯ ಸುತ್ತ ಹಿಟ್ಟು ಉದುರಿದಂತೆ. ವರ್ಷಗಟ್ಟಲೆ ಗುಳಿಗೆ ನುಂಗದೆ ಬಿಟ್ಟ ರಕ್ತದೊತ್ತಡ ಸಣ್ಣ ನಾಳಗಳನ್ನು ಹಾಳುಮಾಡಿದ ಗುರುತು ಅದು. ನೆನಪನ್ನು ಕಟ್ಟಿಡುವ ಹಿಪೊಕ್ಯಾಂಪಸ್ ಎಂಬ ಭಾಗ ತುಸು ಸಣ್ಣಗಾಗಿತ್ತು. "ವಯಸ್ಸಿಗೆ ಹೋಲಿಸಿದರೆ ಸ್ವಲ್ಪ ಜಾಸ್ತಿಯೇ ಸವೆದಿದೆ" ಎಂದರು. ನಾನು ಕೇಳಿದೆ: "ಯಾರ ವಯಸ್ಸಿಗೆ, ಡಾಕ್ಟರೇ?"

ಅವರು ಒಂದು ಗಳಿಗೆ ಸುಮ್ಮನಿದ್ದು, "ಒಳ್ಳೆಯ ಪ್ರಶ್ನೆ" ಎಂದರು. ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಗಡಿಗೆಯ ದನಿ ಕೆಟ್ಟಿದೆ ಎನ್ನಬೇಕಾದರೆ ಗಟ್ಟಿ ಗಡಿಗೆಯ ದನಿ ಕಿವಿಯಲ್ಲಿರಬೇಕು. ಜಗತ್ತಿನ ಸಂಶೋಧಕರು ಬಹುಕಾಲದಿಂದ ಅಳತೆಗೋಲಾಗಿ ಇಟ್ಟುಕೊಂಡ ಮಿದುಳಿನ ನಕ್ಷೆ ಕೆನಡಾದ ಮಾಂಟ್ರಿಯಲ್‌ನಲ್ಲಿ ತಯಾರಾದದ್ದು. 2019ರಲ್ಲಿ ಹೈದರಾಬಾದಿನ ಐ.ಐ.ಐ.ಟಿ.ಯವರು ನೂರು ಭಾರತೀಯ ಯುವಕ ಯುವತಿಯರ ಸ್ಕ್ಯಾನ್ ಸೇರಿಸಿ ನಮ್ಮದೇ ನಕ್ಷೆ ಮಾಡಿದರು. ನಮ್ಮವರ ಮಿದುಳು ಮಾಂಟ್ರಿಯಲ್ ನಕ್ಷೆಗಿಂತ ಎತ್ತರದಲ್ಲಿ, ಅಗಲದಲ್ಲಿ, ಒಟ್ಟು ಗಾತ್ರದಲ್ಲಿ ಸರಾಸರಿ ಸ್ವಲ್ಪ ಚಿಕ್ಕದು ಎಂದು ಕಂಡಿತು. ಇದರಲ್ಲಿ ಹೆಚ್ಚು ಕಡಿಮೆಯ ಮಾತಿಲ್ಲ. ಅಂಗಿಯ ಅಳತೆ ಬೇರೆ, ಅಷ್ಟೇ. ಆದರೆ ಬೇರೆಯವರ ಅಳತೆಯಿಂದ ನೋಡಿದರೆ, ನೆಟ್ಟಗಿದ್ದವರನ್ನೂ ಸವೆದವರೆಂದು ಬರೆದುಬಿಡುವ ಅಪಾಯವಿದೆ. ಅದು ಯುವಕರ ನಕ್ಷೆ. ನಮ್ಮ ಹಳ್ಳಿಯ ಎಪ್ಪತ್ತಾರರ ಅವ್ವಂದಿರದು ಎಲ್ಲಿದೆ?

ಇದಕ್ಕೆ ಉತ್ತರ, ಕೋಲಾರ ಜಿಲ್ಲೆಯಲ್ಲೇ ಸಿದ್ಧವಾಗುತ್ತಿದೆ. ಒಂದು ಕಾಲಕ್ಕೆ ಮಿದುಳುಜ್ವರ ಕಂಡ ಅದೇ ಜಿಲ್ಲೆ. ಮಾವಿನ ಊರು ಶ್ರೀನಿವಾಸಪುರ ನಿಮಗೆ ಗೊತ್ತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದವರು 2018ರಲ್ಲಿ ಆ ತಾಲ್ಲೂಕಿನ ಹಳ್ಳಿಗಳಲ್ಲಿ ಕೆಲಸ ಶುರುಮಾಡಿದರು. ನಲವತ್ತೈದು ದಾಟಿದ ಹತ್ತು ಸಾವಿರ ಜನರನ್ನು ವರ್ಷವರ್ಷಗಳ ಕಾಲ ನೋಡುತ್ತ ಹೋಗುವುದು ಅವರ ಗುರಿ. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಮಿದುಳಿನ ಎಂ.ಆರ್.ಐ. ಇವರಲ್ಲಿ ಹೆಚ್ಚಿನವರು ರೋಗಿಗಳಲ್ಲ. ಹೊಲ, ತೋಟ, ರೇಷ್ಮೆ ನೋಡಿಕೊಂಡು ಗಟ್ಟಿಮುಟ್ಟಾಗಿ ಇರುವವರು. ಮರೆವು ಬರುವ ಮೊದಲೇ ಅವರ ದನಿಯನ್ನು ಬರೆದಿಟ್ಟುಕೊಳ್ಳಬೇಕು. ಹತ್ತು ವರ್ಷದ ಮೇಲೆ ಯಾರಿಗೆ ಮರೆವು ಬಂತು, ಯಾರಿಗೆ ಬರಲಿಲ್ಲ ಎಂದು ನೋಡಿ ಹಿಂದಿರುಗಿ ಹುಡುಕಬೇಕು. ಬದಲಾವಣೆ ಎಲ್ಲಿ ಮೊದಲು ಕೇಳಿಸಿತ್ತು ಎಂದು.

ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ ಏಳು ಮಂದಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಒಟ್ಟು ಸುಮಾರು 88 ಲಕ್ಷ ಜನ. ಅವರನ್ನೆಲ್ಲ ಸ್ಕ್ಯಾನ್ ಯಂತ್ರದೊಳಗೆ ಕಳಿಸಿ ಎಂದು ನಾನು ಹೇಳುತ್ತಿಲ್ಲ. ಪ್ರತಿ ತಲೆನೋವಿಗೂ ಎಂ.ಆರ್.ಐ. ಬೇಡ. ಸಾವಿರಾರು ರೂಪಾಯಿಯ ಪರೀಕ್ಷೆ ಅದು, ಡಾಕ್ಟರು ಹೇಳಿದಾಗ ಮಾಡಿಸಿದರೆ ಸಾಕು. ಆದರೆ ಬಿ.ಪಿ.ಯ ಗುಳಿಗೆಯನ್ನು ಯಾರೂ ತಪ್ಪಿಸಬೇಡಿ. ಅವ್ವನ ತಲೆಯ ಬಿಳಿ ಚುಕ್ಕೆಗಳನ್ನು ಕಣ್ಣಾರೆ ಕಂಡವನು ನಾನು. ಈಗ ದಿನಾ ಬೆಳಿಗ್ಗೆ ಗುಳಿಗೆಯನ್ನು ನಾನೇ ಅವಳ ಅಂಗೈಗೆ ಹಾಕುತ್ತೇನೆ. ಹೋದ ವರ್ಷ ಮತ್ತೆ ಸ್ಕ್ಯಾನ್ ಆಯಿತು. ಚುಕ್ಕೆಗಳು ಹೆಚ್ಚಿರಲಿಲ್ಲ. ಈ ಸಲ ಅವಳನ್ನು ಹೋಲಿಸಿದ್ದು ಅವಳ ಜೊತೆಗೇ.

ಶ್ರೀನಿವಾಸಪುರದಿಂದ ಬೆಂಗಳೂರಿನ ಸ್ಕ್ಯಾನ್ ಕೋಣೆಗೆ ಸುಮಾರು 100 ಕಿಲೋಮೀಟರ್. ಯಾವ ಕಾಯಿಲೆಯೂ ಇಲ್ಲದ ರೈತ ಹೆಂಗಸೊಬ್ಬಳು ಒಂದು ದಿನದ ಕೆಲಸ ಬಿಟ್ಟು ಅಷ್ಟು ದೂರ ಬರುತ್ತಾಳೆ ಎಂದುಕೊಳ್ಳಿ. ತನಗಾಗಿ ಅಲ್ಲ, ತನಗೆ ಪರಿಚಯವೇ ಇಲ್ಲದ ಯಾರದೋ ಅವ್ವನಿಗಾಗಿ. ಆ ಕೋಣೆಯ ಹೊರಗೂ ಒಂದು ತಟ್ಟೆ ಇರುತ್ತದೆ. ಅವಳು ಬಳೆ ಸರಿಸಿ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ ಅದರಲ್ಲಿ ಹಾಕುತ್ತಾಳೆ. ಆಮೇಲೆ ಒಳಗೆ ಹೋಗಿ, ಅಲುಗಾಡದೆ ಮಲಗುತ್ತಾಳೆ.